ತಳ ಬಿರಿದ ಹಳ್ಳಕ್ಕೆ ಹೊಣೆ ಯಾರು?

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ನೈರುತ್ಯ ಮೂಲೆಯಲ್ಲಿ ಗ್ರೀನ್ ಕೌಂಟಿ ಇದೆ. ಅಲ್ಲಿನ ರೈಯರ್ಸನ್ ಸ್ಟೇಷನ್ ಎಂಬ ಸರ್ಕಾರಿ ಉದ್ಯಾನದ ಮರಗಳ ನಡುವೆ ಪೋಲೆನ್ ರನ್ ಎಂಬ ಹಳ್ಳ ಹರಿಯುತ್ತದೆ. ನಕಾಶೆಯಲ್ಲಿ ಹುಡುಕಿ ನೋಡಬೇಕಾದಷ್ಟು ಸಣ್ಣದು. 2017ರ ಆಗಸ್ಟ್ 15ರಂದು ರಾಜ್ಯದ ಪರಿಸರ ವಿಚಾರಣಾ ಮಂಡಳಿ ಈ ಹಳ್ಳದ ಕುರಿತು ತೀರ್ಪು ಕೊಟ್ಟಿತು. ಕಾನ್ಸೋಲ್ ಕಂಪನಿಯ ಬೇಯ್ಲಿ ಗಣಿಗೆ ಪೋಲೆನ್ ರನ್ ಅಡಿಯಲ್ಲಿ ಕಲ್ಲಿದ್ದಲು ತೆಗೆಯಲು ಪರಿಸರ ಸಂರಕ್ಷಣಾ ಇಲಾಖೆ ಕೊಟ್ಟಿದ್ದ ಒಂದು ಅನುಮತಿ ಕಾನೂನುಬಾಹಿರ ಎಂದು ಮಂಡಳಿ ಹೇಳಿತು. ಪ್ರಕರಣವನ್ನು ಅಲ್ಲಿಗೆ ಒಯ್ದವರು ‘ಸೆಂಟರ್ ಫಾರ್ ಕೋಲ್‌ಫೀಲ್ಡ್ ಜಸ್ಟಿಸ್’ ಎಂಬ ಸ್ಥಳೀಯ ಸಂಘಟನೆ ಮತ್ತು ಸಿಯೆರಾ ಕ್ಲಬ್ ಎಂಬ ಪರಿಸರ ಸಂಘಟನೆ.

ಗಣಿ ಸಾಗಿದಂತೆ ಹಳ್ಳದ ತಳ ಬಿರಿಯುತ್ತದೆ, ನೀರು ಕೆಳಗಿಳಿದು ಹೋಗುತ್ತದೆ ಎಂಬುದು ಅರ್ಜಿ ಹಾಕುವಾಗಲೇ ಎಲ್ಲರಿಗೂ ಗೊತ್ತಿತ್ತು. ಅದಕ್ಕೆ ಪರಿಹಾರವೂ ಕಾಗದದ ಮೇಲೆ ಸಿದ್ಧವಾಗಿತ್ತು. ಮೊದಲು ಬಿರುಕು ಮುಚ್ಚುವುದು. ಅದು ಸಾಲದಿದ್ದರೆ ಹಳ್ಳದ ಪಾತ್ರವನ್ನೇ ಅಗೆದು ತೆಗೆದು, ನೀರು ಇಂಗದ ಹಾಳೆ ಹಾಸಿ, ಅದರ ಮೇಲೆ ಕಲ್ಲು ಮಣ್ಣು ಹರವಿ ಹೊಸ ಪಾತ್ರ ಕಟ್ಟುವುದು. ಮಂಡಳಿ ಒಪ್ಪದಿದ್ದುದು ಇದನ್ನೇ. ಇರುವ ಹಳ್ಳವನ್ನು ತೆಗೆದುಹಾಕಿ ಅದೇ ಜಾಗದಲ್ಲಿ ಇನ್ನೊಂದನ್ನು ನಿರ್ಮಿಸುವುದನ್ನು ದುರಸ್ತಿ ಎನ್ನಲಾಗದು, ಅದು ನಾಶವೇ ಎಂಬುದು ಅದರ ನಿಲುವು. ಅದೇ ತೀರ್ಪಿನಲ್ಲಿ ಗಣಿಯ ಇನ್ನೊಂದು ಅನುಮತಿಯನ್ನು ಮಂಡಳಿ ಎತ್ತಿಹಿಡಿಯಿತು ಎಂಬುದನ್ನೂ ಹೇಳಬೇಕು. ಸ್ವಲ್ಪ ಕಾಲ ನೀರು ಕಡಿಮೆಯಾಗಿ ಮತ್ತೆ ಸರಿಹೋಗಬಹುದಾದ ಹಾನಿಯನ್ನು ಕಾನೂನು ಸಹಿಸುತ್ತದೆ, ಹಳ್ಳವೇ ಇಲ್ಲವಾಗುವುದನ್ನು ಸಹಿಸುವುದಿಲ್ಲ ಎಂದು ಅದು ಗೆರೆ ಎಳೆಯಿತು.

ಆ ಗೆರೆ ಎಷ್ಟು ಮುಖ್ಯ ಎಂದು ತಿಳಿಯಲು ನೆಲದ ಕೆಳಗೆ ನಡೆಯುವುದೇನು ಎಂದು ನೋಡಬೇಕು.

ನಮಗೆ ಭೂಗತ ಗಣಿ ಎಂದರೆ ಕೋಲಾರದ ಕೆಜಿಎಫ್. ಅಲ್ಲಿ ಚಿನ್ನದ ಅದಿರಿನ ಎಳೆ ಕಡಿದಾಗಿ ಪಾತಾಳಕ್ಕೆ ಇಳಿಯುತ್ತಿತ್ತು. ಅದರ ಬೆನ್ನು ಹತ್ತಿ ಮೂರು ಕಿಲೋಮೀಟರಿಗೂ ಆಳಕ್ಕೆ ಹೋದರು. ಕಲ್ಲಿದ್ದಲು ಹಾಗಲ್ಲ. ಅದು ಹಾಸಿದ ಚಾಪೆಯಂತೆ ಅಡ್ಡಕ್ಕೆ ಹರಡಿಕೊಂಡಿರುತ್ತದೆ. ನೈರುತ್ಯ ಪೆನ್ಸಿಲ್ವೇನಿಯಾದ ಪಿಟ್ಸ್‌ಬರ್ಗ್ ಪದರ ಸುಮಾರು ಆರಡಿ ದಪ್ಪವಿದ್ದು, ಊರು, ಹೊಲ, ರಸ್ತೆ, ಹಳ್ಳಗಳ ಕೆಳಗೆ ಮೈಲಿಗಟ್ಟಲೆ ಚಾಚಿಕೊಂಡಿದೆ. ಹಾಗಾಗಿ ಚಿನ್ನದ ಗಣಿಗೆ ಮೇಲೆ ಸಣ್ಣ ಜಾಗ ಸಾಕು. ಕಲ್ಲಿದ್ದಲು ಗಣಿ ಬೆಳೆದಷ್ಟೂ ಇಡೀ ತಾಲ್ಲೂಕುಗಳ ಕೆಳಗೆ ಹಬ್ಬುತ್ತದೆ.

ಹಳೆಯ ಪದ್ಧತಿಯಲ್ಲಿ ಕಲ್ಲಿದ್ದಲಿನ ಒಂದಷ್ಟು ಪಾಲನ್ನು ಕಂಬಗಳಾಗಿ ಉಳಿಸಿ ನಡುವಿನದನ್ನು ಮಾತ್ರ ತೆಗೆಯುತ್ತಿದ್ದರು. ಕಂಬಗಳು ಮೇಲಿನ ಬಂಡೆಯನ್ನು ಹೊತ್ತು ನಿಲ್ಲುತ್ತಿದ್ದವು. ಈಗ ಗ್ರೀನ್ ಮತ್ತು ಪಕ್ಕದ ವಾಷಿಂಗ್ಟನ್ ಕೌಂಟಿಗಳ ದೊಡ್ಡ ಗಣಿಗಳಲ್ಲಿ ನಡೆಯುವುದು ಲಾಂಗ್‌ವಾಲ್. ಸಾವಿರ ಅಡಿಗೂ ಅಗಲ, ಎರಡು ಮೈಲಿಗೂ ಉದ್ದವಿರಬಹುದಾದ ಕಲ್ಲಿದ್ದಲಿನ ತುಂಡನ್ನು ಗುರುತು ಮಾಡುತ್ತಾರೆ. ಅದರ ಅಗಲದುದ್ದಕ್ಕೂ ಉಕ್ಕಿನ ಹಲ್ಲುಗಳ ಯಂತ್ರ ಹೋಗುತ್ತಾ ಬರುತ್ತಾ ಕಲ್ಲಿದ್ದಲನ್ನು ಕೆರೆಯುತ್ತದೆ, ಕನ್ವೇಯರ್ ಹೊತ್ತೊಯ್ಯುತ್ತದೆ. ಕೆಲಸಗಾರರ ನೆತ್ತಿಯ ಮೇಲಿನ ಚಾವಣಿಯನ್ನು ಹೈಡ್ರಾಲಿಕ್ ಆಸರೆಗಳು ಎತ್ತಿ ಹಿಡಿದಿರುತ್ತವೆ. ಯಂತ್ರ ಮುಂದೆ ಸಾಗಿದಂತೆ ಆಸರೆಗಳೂ ಮುಂದೆ ಸರಿಯುತ್ತವೆ, ಅವುಗಳ ಹಿಂದೆ ಚಾವಣಿ ಕುಸಿಯುತ್ತದೆ. ಕುಸಿಯಲಿ ಎಂದೇ ಆ ಪದ್ಧತಿ. ಕುಸಿತ ನೂರಾರು ಅಡಿ ಬಂಡೆ ದಾಟಿ ನೆಲದ ಮೇಲಕ್ಕೆ ಬಂದಾಗ ತುಂಡಿನ ನಡುಭಾಗದಲ್ಲಿ ಭೂಮಿ ಮೂರು ನಾಲ್ಕು ಅಡಿ ಇಳಿದಿರುತ್ತದೆ. ಕೆಲಸಗಾರರ ಮಟ್ಟಿಗೆ ಆಸರೆಗಳ ಕೆಳಗಿನ ದುಡಿಮೆ ಹಳೆಯ ಕಂಬಗಳ ನಡುವಿನದಕ್ಕಿಂತ ಒಳ್ಳೆಯದು. ಆ ಲಾಭವನ್ನು ನಾನು ಕಡೆಗಣಿಸುವುದಿಲ್ಲ.

ಹಳ್ಳಕ್ಕೆ ಏನಾಗುತ್ತದೆ? ಇಳಿದ ನೆಲದ ಅಂಚುಗಳಲ್ಲಿ ಬಂಡೆ ಎಳೆತಕ್ಕೆ ಸಿಕ್ಕಿ ಬಿರಿಯುತ್ತದೆ, ನಡುವೆ ಒತ್ತಡಕ್ಕೆ ಸಿಕ್ಕಿ ಉಬ್ಬಿ ಒಡೆಯುತ್ತದೆ. ತಳದಲ್ಲಿ ಬಿರುಕು ಬಿದ್ದ ಕಡೆ ನೀರು ಕೆಳಗಿಳಿದು ಮಾಯವಾಗುತ್ತದೆ. ನೆಲ ತಗ್ಗಾದ ಕಡೆ ನಿಂತು ಕೊಳವಾಗುತ್ತದೆ. ಹೀಗೆ ಒಂದೇ ಹಳ್ಳದಲ್ಲಿ ಒಣ ಕಲ್ಲಿನ ಪಾತ್ರವನ್ನೂ, ಅದರ ಮುಂದೆಯೇ ನಿಂತು ಹೂಳು ತುಂಬಿದ ನೀರನ್ನೂ ಕಾಣಬಹುದು. ಹಳ್ಳಕ್ಕೆ ನೀರೂಡುವ ಒರತೆಗಳು ಜಾಗ ಬದಲಿಸುತ್ತವೆ, ಕೆಲವು ಬತ್ತಿಯೇ ಹೋಗುತ್ತವೆ.

ದುರಸ್ತಿಯ ಕೆಲಸ ಹೀಗೆ ನಡೆಯುತ್ತದೆ. ಹಳ್ಳದ ಪಾತ್ರದಲ್ಲಿ ಸಾಲಾಗಿ ರಂಧ್ರ ಕೊರೆದು ಸಿಮೆಂಟ್, ಬೆಂಟೊನೈಟ್ ಜೇಡಿ ಅಥವಾ ಪಾಲಿಯುರೆಥೇನ್ ಅಂಟನ್ನು ಒತ್ತಡದಲ್ಲಿ ಬಿರುಕಿನೊಳಗೆ ತುಂಬುತ್ತಾರೆ. ಎಲ್ಲಿ ನೀರು ನಿಂತಿದೆಯೋ ಅಲ್ಲಿ ಮುಂದಿನ ದಿಬ್ಬವನ್ನು ಅಗೆದು ಇಳಿಜಾರು ಮಾಡಿಕೊಡುತ್ತಾರೆ. ಈ ಕೆಲಸ ಮುಗಿಯುವವರೆಗೆ ಕೊಳವೆ ಹಾಕಿ ಹೊರಗಿನ ನೀರನ್ನು ಹಳ್ಳಕ್ಕೆ ಬಿಡುತ್ತಾರೆ. ಯಂತ್ರಗಳು ಪಾತ್ರದವರೆಗೆ ಬರಬೇಕಾದ್ದರಿಂದ ದಡದ ಮರಗಳು ಉರುಳುತ್ತವೆ, ನೆರಳು ಹೋಗುತ್ತದೆ.

ಸರಿಹೋಯಿತೇ ಎಂದು ತಿಳಿಯಲು ನೀರಿನ ಹರಿವನ್ನು ಅಳೆದರೆ ಸಾಲದು, ಹುಳುಗಳನ್ನೂ ಎಣಿಸಬೇಕು. ಪರಿಶೀಲಕ ಹಳ್ಳಕ್ಕೆ ಇಳಿದು, ಹರಿವಿಗೆ ಅಡ್ಡಲಾಗಿ ಬಲೆ ಹಿಡಿದು, ಬಲೆಯ ಮೇಲ್ಭಾಗದ ಕಲ್ಲುಗಳನ್ನು ಕಾಲಿನಿಂದ ಕದಡುತ್ತಾನೆ. ಕಲ್ಲಿಗೆ ಅಂಟಿಕೊಂಡಿದ್ದ ಮೇಫ್ಲೈ, ಸ್ಟೋನ್‌ಫ್ಲೈ, ಕ್ಯಾಡಿಸ್‌ಫ್ಲೈ ಕೀಟಗಳ ಮರಿಗಳು ಬಲೆಗೆ ಬೀಳುತ್ತವೆ. ಇವುಗಳಲ್ಲಿ ಹೆಚ್ಚಿನವು ತಂಪಾದ, ಶುದ್ಧವಾದ, ಹರಿಯುವ ನೀರನ್ನೇ ಬಯಸುತ್ತವೆ. ಅವನ್ನು ಜಾತಿವಾರು ಬೇರ್ಪಡಿಸಿ ಹಳ್ಳಕ್ಕೆ ಅಂಕ ಕೊಡುತ್ತಾರೆ. ಗಣಿ ಬರುವ ಮೊದಲಿನ ಅಂಕವನ್ನು ಬಂದುಹೋದ ನಂತರದ ಅಂಕದ ಪಕ್ಕದಲ್ಲಿಟ್ಟು ನೋಡುತ್ತಾರೆ. ಕೊಳವೆ ನೀರು ಹರಿಸಿ ಹಳ್ಳ ತುಂಬಿದಂತೆ ಕಾಣಿಸಬಹುದು, ಆದರೆ ಹುಳುಗಳು ವಾಪಸಾಗದಿದ್ದರೆ ಅದು ಹಳ್ಳವಲ್ಲ. ಈ ಪರೀಕ್ಷೆಯ ವಿಷಯದಲ್ಲಿ ಪೆನ್ಸಿಲ್ವೇನಿಯಾದ ಇಲಾಖೆ 2005ರಲ್ಲಿ ಹೊರಡಿಸಿದ ಮಾರ್ಗಸೂಚಿ ಒಳ್ಳೆಯ ಕೆಲಸ ಮಾಡಿತು ಎಂದೇ ನನ್ನ ಅಭಿಪ್ರಾಯ.

ಈ ಎಲ್ಲದರ ಹಿಂದೆ ನೂರು ವರ್ಷದ ವ್ಯಾಜ್ಯವಿದೆ. ಪೆನ್ಸಿಲ್ವೇನಿಯಾದಲ್ಲಿ ಒಂದೇ ತುಂಡು ಜಮೀನಿಗೆ ಮೂರು ಬಗೆಯ ಒಡೆತನ ಇರಬಹುದು. ಮೇಲ್ಮೈ ಒಬ್ಬರದು, ಕೆಳಗಿನ ಖನಿಜ ಇನ್ನೊಬ್ಬರದು, ಮೇಲ್ಮೈ ಕುಸಿಯದಂತೆ ಆಧಾರ ಪಡೆಯುವ ಹಕ್ಕು ಮೂರನೆಯದು. ಹತ್ತೊಂಬತ್ತನೇ ಶತಮಾನದಲ್ಲಿ ಕಂಪನಿಗಳು ಮೇಲ್ಮೈಯನ್ನಷ್ಟೇ ಮಾರಿ, ಕಲ್ಲಿದ್ದಲನ್ನೂ ಆಧಾರದ ಹಕ್ಕನ್ನೂ ತಾವೇ ಇಟ್ಟುಕೊಂಡವು. ಮನೆ ಕುಸಿದರೆ ಕೇಳುವಂತಿಲ್ಲ ಎಂದು ಕ್ರಯಪತ್ರದಲ್ಲೇ ಬರೆಸಿಕೊಂಡವು. ಮನೆಗಳ ಕೆಳಗೆ ಕಲ್ಲಿದ್ದಲು ತೆಗೆಯಬಾರದೆಂದು ರಾಜ್ಯ 1921ರಲ್ಲಿ ಕಾನೂನು ಮಾಡಿತು. ಮರುವರ್ಷವೇ ಅಮೆರಿಕದ ಸುಪ್ರೀಂ ಕೋರ್ಟ್ ಕಂಪನಿಯ ಪರ ನಿಂತಿತು. ಪಿಟ್ಸ್‌ಟನ್ ಎಂಬ ಊರಿನ ಒಂದು ಮನೆಯ ವ್ಯಾಜ್ಯ ಅದು. ನಿಯಂತ್ರಣ ಅತಿಯಾದರೆ ಅದು ಆಸ್ತಿಯನ್ನು ಕಿತ್ತುಕೊಂಡಂತೆ ಎಂದು ನ್ಯಾಯಮೂರ್ತಿ ಹೋಮ್ಸ್ ಬರೆದರು. ಬ್ರಾಂಡೈಸ್ ಒಬ್ಬರೇ ಭಿನ್ನಮತ ದಾಖಲಿಸಿದರು.

ಅದೇ ಪಿಟ್ಸ್‌ಟನ್ ಸಮೀಪ 1959ರ ಜನವರಿ 22ರಂದು ಸಸ್ಕ್ವೆಹಾನಾ ನದಿ ಗಣಿಯೊಳಗೆ ನುಗ್ಗಿತು. ನಾಕ್ಸ್ ಕಂಪನಿಯವರು ಅನುಮತಿಯ ಗಡಿ ದಾಟಿ ನದಿಯ ಕೆಳಗೆ ಅಗೆದಿದ್ದರು. ಕನಿಷ್ಠ 35 ಅಡಿ ಬಂಡೆ ಉಳಿದಿರಬೇಕಾದಲ್ಲಿ ಆರಡಿಯಷ್ಟೇ ಉಳಿದಿತ್ತು. ಒಳಗಿದ್ದ 81 ಮಂದಿಯಲ್ಲಿ 12 ಜನ ಸತ್ತರು. ನದಿಯ ಮೇಲೆ ಸುಳಿ ಎದ್ದಿತು. ಅದನ್ನು ಮುಚ್ಚಲು ರೈಲು ವ್ಯಾಗನ್‌ಗಳನ್ನೇ ಒಂದರ ಹಿಂದೆ ಒಂದರಂತೆ ನದಿಗೆ ನೂಕಿದರು. ಕೆಲಸಗಾರರನ್ನು ಕಾಯಬೇಕಿದ್ದ ಯೂನಿಯನ್ನಿನ ಜಿಲ್ಲಾ ಅಧ್ಯಕ್ಷನೇ ಆ ಗಣಿ ಕಂಪನಿಯ ಗುಪ್ತ ಪಾಲುದಾರ ಎಂಬುದು ಆಮೇಲೆ ಬಯಲಾಯಿತು. ನಿಯಮ ಇತ್ತು, ನಕಾಶೆ ಇತ್ತು, ತಪಾಸಣೆಯೂ ಇತ್ತು. ನದಿಯ ಕೆಳಗೆ ಎಷ್ಟು ಬಂಡೆ ಉಳಿದಿದೆ ಎಂದು ಅಳೆದು, ಸಾಕು ನಿಲ್ಲಿಸಿ ಎಂದು ಹೇಳುವವರು ಇರಲಿಲ್ಲ.

ಮುಂದೆ 1966ರಲ್ಲಿ ಬಂದ ಕಾನೂನು ಆ ಹೊತ್ತಿಗೆ ಕಟ್ಟಿದ್ದ ಮನೆಗಳ ಕೆಳಗೆ ಆಧಾರ ಉಳಿಸಬೇಕೆಂದು ವಿಧಿಸಿತು. ಅಂಥ ಕಟ್ಟಡಗಳ ಕೆಳಗಿನ ಕಲ್ಲಿದ್ದಲಿನ ಅರ್ಧ ಭಾಗ ಬಿಡಬೇಕೆಂಬ ನಿಯಮವನ್ನು ಸುಪ್ರೀಂ ಕೋರ್ಟ್ 1987ರಲ್ಲಿ ಒಂದೇ ಮತದ ಅಂತರದಿಂದ ಎತ್ತಿಹಿಡಿಯಿತು. ಅಷ್ಟರಲ್ಲಿ ಲಾಂಗ್‌ವಾಲ್ ಬೇರೂರಿತ್ತು. 1994ರಲ್ಲಿ ಶಾಸನಸಭೆ ಆಕ್ಟ್ 54 ಎಂಬ ತಿದ್ದುಪಡಿ ತಂದು ಕಾನೂನಿನ ದಿಕ್ಕನ್ನೇ ತಿರುಗಿಸಿತು. ಇನ್ನು ಮುಂದೆ ಹಳೆಯ ಮನೆಗಳ ಕೆಳಗೂ ಗಣಿ ಹೋಗಬಹುದು. ಹಾನಿಯಾದರೆ ದುರಸ್ತಿ ಮಾಡಿಕೊಡಬೇಕು ಇಲ್ಲವೇ ಹಣ ಕೊಡಬೇಕು. ತಡೆಯುವ ಕಾನೂನು ತೆರುವ ಕಾನೂನಾಯಿತು.

ಆದರೂ ಆಕ್ಟ್ 54 ಬಾವಿಗಳ ವಿಷಯದಲ್ಲಿ ಜನರ ಕೈಗೆ ಒಂದು ನಿಜವಾದ ಬಲ ಕೊಟ್ಟಿತು. ತೋಡಿದ ಜಾಗದ ಅಂಚಿನಿಂದ 35 ಡಿಗ್ರಿ ಓರೆಯಾಗಿ ಮೇಲಕ್ಕೆ ಗೆರೆ ಎಳೆದರೆ ನೆಲದ ಮೇಲೆ ಒಂದು ವಲಯ ಸಿಗುತ್ತದೆ. ಅದರೊಳಗಿನ ಬಾವಿ ಬತ್ತಿದರೆ ಕಾರಣ ಗಣಿಯೇ ಎಂದು ಕಾನೂನು ಭಾವಿಸುತ್ತದೆ. ಅಲ್ಲವೆಂದು ಸಾಬೀತು ಮಾಡುವ ಹೊರೆ ಕಂಪನಿಯದು. 24 ಗಂಟೆಯೊಳಗೆ ಕಂಪನಿ ತಾತ್ಕಾಲಿಕ ನೀರು ಒದಗಿಸಬೇಕು. ಬೋರ್‌ವೆಲ್ ಬತ್ತಿದ ರೈತನಿಗೆ ಭೂವಿಜ್ಞಾನಿಯನ್ನು ಕರೆಸಿ ವಾದ ಮಾಡುವ ಶಕ್ತಿ ಇರುವುದಿಲ್ಲ ಎಂಬುದನ್ನು ಅರಿತು ಬರೆದ ನಿಯಮ ಇದು.

ಬಾವಿಗೆ ಒಡೆಯನಿದ್ದಾನೆ, ಮನೆಗೆ ಒಡತಿಯಿದ್ದಾಳೆ. ಅವರು ದೂರು ಕೊಡುತ್ತಾರೆ, ಕಚೇರಿಗೆ ಅಲೆಯುತ್ತಾರೆ, ವಕೀಲರನ್ನು ಹಿಡಿಯುತ್ತಾರೆ. ಹಳ್ಳ ಬತ್ತಿದರೆ ದೂರು ಕೊಡುವವರು ಯಾರು? ಕಾಡೊಳಗಿನ ಹಳ್ಳ ಮಳೆಗಾಲದಲ್ಲಿ ಹರಿದು ಬೇಸಿಗೆಯಲ್ಲಿ ಒಣಗಿದರೆ ಅದು ಗಣಿಯಿಂದ ಆದದ್ದೋ ಬರದಿಂದ ಆದದ್ದೋ ಎಂದು ಹೇಳುವವರು ಯಾರು? ಹಳ್ಳದ ಪರವಾಗಿ ನಿಲ್ಲಬೇಕಾದ್ದು ಇಲಾಖೆ. ಗಣಿಗೆ ಅನುಮತಿ ಕೊಟ್ಟಿದ್ದೂ ಅದೇ ಇಲಾಖೆ. ಗಣಿ ಬರುವ ಮುನ್ನ ಹಳ್ಳ ಹೇಗಿತ್ತು ಎಂಬ ಲೆಕ್ಕ ಇಲ್ಲದಿದ್ದರೆ ಆಮೇಲಿನ ಮಾತೆಲ್ಲ ಗಾಳಿಗೆ ಹೋಗುತ್ತದೆ. ಹಾಗಾಗಿ ಭೂಗತ ಗಣಿಯ ಮೇಲ್ವಿಚಾರಣೆಯಲ್ಲಿ ನಿಜವಾದ ಅಧಿಕಾರ ಚಲಾಯಿಸಲು ಸಾಧ್ಯವಿರುವುದು ಯಂತ್ರ ಕೆಳಗಿಳಿಯುವ ಮೊದಲು ಮಾತ್ರ ಎಂದು ನಾನು ನಂಬುತ್ತೇನೆ. ಬಂಡೆ ಒಡೆದ ಮೇಲೆ ಅಧಿಕಾರಿಗೆ ಉಳಿಯುವುದು ನೋಟಿಸ್, ದಂಡ, ಅವಧಿ ವಿಸ್ತರಣೆ.

ಅಮೆರಿಕದ ಕೇಂದ್ರ ಕಾನೂನಿನಲ್ಲೂ ಮೊದಲೇ ತಡೆಯದ ಈ ಸಡಿಲಿಕೆ ಇದೆ. 1977ರ ಮೇಲ್ಮೈ ಗಣಿಗಾರಿಕೆ ನಿಯಂತ್ರಣ ಕಾಯಿದೆ, ಭೂಗತ ಗಣಿಗಳು ಕುಸಿತವನ್ನು ತಡೆಯಬೇಕು ಎನ್ನುತ್ತದೆ. ಯೋಜಿತ, ನಿಯಂತ್ರಿತ ಕುಸಿತವೇ ಬೇಕಾಗುವ ತಂತ್ರಜ್ಞಾನವಿದ್ದರೆ ಅದನ್ನು ಬಿಟ್ಟು ಎಂದೂ ಸೇರಿಸುತ್ತದೆ. ಲಾಂಗ್‌ವಾಲ್ ಆ ಬಾಗಿಲಿನಿಂದಲೇ ಒಳಬಂತು. 1992ರಲ್ಲಿ ಮನೆಗಳ ದುರಸ್ತಿ ಮತ್ತು ಕುಡಿಯುವ, ಮನೆಬಳಕೆಯ ನೀರಿನ ಬದಲಿ ವ್ಯವಸ್ಥೆ ಕಡ್ಡಾಯವಾಯಿತು. ಆ ಸಾಲಿನಲ್ಲಿ ತೊರೆ ಇರಲಿಲ್ಲ. ತೊರೆಗಳ ರಕ್ಷಣೆಗೆಂದು ಕೇಂದ್ರ ಸರ್ಕಾರ ವರ್ಷಗಟ್ಟಲೆ ಕೂತು ಸಿದ್ಧಪಡಿಸಿದ ನಿಯಮ 2016ರ ಡಿಸೆಂಬರಿನಲ್ಲಿ ಹೊರಬಂತು. 2017ರ ಫೆಬ್ರವರಿ 16ರಂದು ಅಧ್ಯಕ್ಷ ಟ್ರಂಪ್ ಸಹಿಯೊಂದಿಗೆ ಅದು ರದ್ದಾಯಿತು. ರದ್ದು ಮಾಡಿದ ವಿಧಾನ ಎಂಥದೆಂದರೆ, ಸಂಸತ್ತು ಹೊಸ ಕಾನೂನು ಮಾಡಿ ಒಪ್ಪಿಗೆ ಕೊಡದ ಹೊರತು ಇಲಾಖೆ ಅದೇ ಬಗೆಯ ನಿಯಮವನ್ನು ಮತ್ತೆ ತರುವಂತಿಲ್ಲ.

ರಾಜ್ಯಕ್ಕೆ ಮರಳೋಣ. ಆಕ್ಟ್ 54ರಲ್ಲಿ ಒಂದು ವಿಧಿಯಿದೆ: ಪ್ರತಿ ಐದು ವರ್ಷಕ್ಕೊಮ್ಮೆ ಭೂಗತ ಗಣಿಗಳು ಮನೆ, ಬಾವಿ, ಹಳ್ಳಗಳಿಗೆ ಏನು ಮಾಡಿದವು ಎಂಬ ವರದಿ ಪ್ರಕಟವಾಗಬೇಕು. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ತಂಡ ಸಿದ್ಧಪಡಿಸಿದ 2008ರಿಂದ 2013ರವರೆಗಿನ ವರದಿ, ಗಣಿಗಳು ಕೆಳಗೆ ಹಾದುಹೋದ 96 ಮೈಲಿ ಹಳ್ಳಗಳಲ್ಲಿ 39 ಮೈಲಿಗಳಷ್ಟು ಕಡೆ ನೀರು ಬತ್ತುವುದೋ ನಿಲ್ಲುವುದೋ ಕಂಡುಬಂದಿದೆ ಎಂದಿತು. ಎಷ್ಟು ಪ್ರಯತ್ನಪಟ್ಟರೂ ಚೇತರಿಸದ ಹಳ್ಳಗಳಿವೆ ಎಂದು ಇಲಾಖೆಯೇ ಒಪ್ಪಿಕೊಂಡದ್ದೂ ವರದಿಗಳಲ್ಲಿ ದಾಖಲಾಗಿದೆ. ಸರ್ಕಾರ ತನ್ನ ವಿರುದ್ಧವೇ ಬಳಕೆಯಾಗಬಹುದಾದ ಅಂಕಿಗಳನ್ನು ತಾನೇ ಪ್ರಕಟಿಸುವಂತೆ ಕಟ್ಟಿಹಾಕಿದ ಈ ವಿಧಿಯನ್ನು ಬರೆದವರಿಗೆ ನಾನು ಕೃತಜ್ಞ.

ರೈಯರ್ಸನ್ ಉದ್ಯಾನ ಇನ್ನೂ ಒಂದು ಪಾಠ ಕಂಡಿದೆ. ಅಲ್ಲಿ 62 ಎಕರೆಯ ಡ್ಯೂಕ್ ಸರೋವರವಿತ್ತು. ಜನ ಮೀನು ಹಿಡಿಯುತ್ತಿದ್ದರು, ದೋಣಿ ಬಿಡುತ್ತಿದ್ದರು. 2005ರ ಜುಲೈಯಲ್ಲಿ ಅಣೆಕಟ್ಟೆಯಲ್ಲಿ ಬಿರುಕು ಕಂಡು ತುರ್ತಾಗಿ ನೀರು ಖಾಲಿ ಮಾಡಬೇಕಾಯಿತು. ಸಮೀಪದ ಲಾಂಗ್‌ವಾಲ್ ಗಣಿಯೇ ಕಾರಣವೆಂದು ರಾಜ್ಯ ಹೇಳಿತು, ಕಂಪನಿ ಒಪ್ಪಲಿಲ್ಲ. 2013ರಲ್ಲಿ ಕಂಪನಿ ತಪ್ಪು ಒಪ್ಪಿಕೊಳ್ಳದೆಯೇ 3.6 ಕೋಟಿ ಡಾಲರ್ ಕೊಡಲು ಒಪ್ಪಂದವಾಯಿತು. ಹಣ ಬಂತು, ಸರೋವರ ಬರಲಿಲ್ಲ. ನೆಲ ಇನ್ನೂ ಅಲುಗುತ್ತಿದೆ, ಅಣೆಕಟ್ಟು ಕಟ್ಟಲಾಗದು ಎಂದು 2015ರಲ್ಲಿ ರಾಜ್ಯ ಕೈಚೆಲ್ಲಿತು. ಪೋಲೆನ್ ರನ್ ಅದೇ ಉದ್ಯಾನದ ಹಳ್ಳ. ಜನ ಅದನ್ನು ಬಿಟ್ಟುಕೊಡಲು ಒಪ್ಪದಿದ್ದುದರ ಹಿಂದೆ ಈ ಕಳೆದುಕೊಂಡ ನೀರಿದೆ.

2017ರ ಆರಂಭದಲ್ಲಿ ಮಂಡಳಿ ಉದ್ಯಾನದ ಮತ್ತೊಂದು ಹಳ್ಳದ ಕೆಳಗಿನ ಗಣಿಗಾರಿಕೆಗೆ ತಡೆ ಕೊಟ್ಟಿತ್ತು. ಕೆಲಸಗಾರರ ಉದ್ಯೋಗ ಹೋಗುತ್ತದೆ ಎಂಬ ಕೂಗು ಎದ್ದಿತು. ಆ ಭಯ ಸುಳ್ಳಲ್ಲ. ಗ್ರೀನ್ ಕೌಂಟಿಯಲ್ಲಿ ಅಷ್ಟು ಸಂಬಳದ ಬೇರೆ ಕೆಲಸ ಸುಲಭವಾಗಿ ಸಿಗುವುದಿಲ್ಲ. ಶಾಸನಸಭೆ ತರಾತುರಿಯಲ್ಲಿ ಕಾನೂನನ್ನೇ ತಿದ್ದಿತು: ಹಳ್ಳದ ಬಳಕೆಗೆ ಶಾಶ್ವತ ಭಂಗ ಬರುವುದಿಲ್ಲ ಎಂಬ ಅಂದಾಜೂ ದುರಸ್ತಿಯ ಯೋಜನೆಯೂ ಅರ್ಜಿಯಲ್ಲಿದ್ದರೆ, ಯೋಜಿತ ಕುಸಿತವನ್ನು ಮಾಲಿನ್ಯದ ಸೂಚನೆ ಎಂದು ಎಣಿಸಬಾರದು. ಹಳೆಯ ಅನುಮತಿಗಳಿಗೂ ಅದು ಅನ್ವಯವಾಗುವಂತೆ ಬರೆದರು. ಗವರ್ನರ್ ಟಾಮ್ ವುಲ್ಫ್ ಸಹಿ ಹಾಕಲಿಲ್ಲ, ವೀಟೋ ಕೂಡ ಮಾಡಲಿಲ್ಲ. ಜುಲೈಯಲ್ಲಿ ಅದು ಕಾನೂನಾಯಿತು. ಮಂಡಳಿಯ ತೀರ್ಪು ಬಂದದ್ದು ಆ ನಂತರ.

ಹಾಗಿದ್ದೂ ಮಂಡಳಿ ನಿಲ್ಲಲು ನೆಲೆಯಾದದ್ದು ರಾಜ್ಯದ ಸಂವಿಧಾನದ ಒಂದನೇ ಅಧ್ಯಾಯದ 27ನೇ ವಿಧಿ. 1971ರಲ್ಲಿ ಜನಮತದಿಂದ ಸೇರಿದ ಅದು ಶುದ್ಧ ಗಾಳಿ, ಶುದ್ಧ ನೀರು ಜನರ ಹಕ್ಕು ಎನ್ನುತ್ತದೆ, ಸಾರ್ವಜನಿಕ ನೈಸರ್ಗಿಕ ಸಂಪತ್ತಿಗೆ ಸರ್ಕಾರ ಧರ್ಮದರ್ಶಿ ಎನ್ನುತ್ತದೆ. ದಶಕಗಳ ಕಾಲ ಅಲಂಕಾರಕ್ಕಿದ್ದ ವಿಧಿಗೆ ರಾಜ್ಯದ ಸುಪ್ರೀಂ ಕೋರ್ಟ್ ಅದೇ 2017ರ ಜೂನ್‌ನಲ್ಲಿ ಇನ್ನೊಂದು ಪ್ರಕರಣದಲ್ಲಿ ಜೀವ ತುಂಬಿತ್ತು. ಎರಡು ತಿಂಗಳಲ್ಲಿ ಅದು ಒಂದು ಹಳ್ಳದ ನೆರವಿಗೆ ಬಂತು.

ಕರ್ನಾಟಕದಲ್ಲಿ ಕಲ್ಲಿದ್ದಲಿಲ್ಲ, ನಮಗೇಕೆ ಇದು ಎನ್ನುವಂತಿಲ್ಲ. ರಾಯಚೂರು ಶಾಖೋತ್ಪನ್ನ ಸ್ಥಾವರ ಸುಡುವ ಕಲ್ಲಿದ್ದಲಿನಲ್ಲಿ ತೆಲಂಗಾಣದ ಸಿಂಗರೇಣಿ ಗಣಿ ಕಂಪನಿಯದೂ ಸೇರಿದೆ. ಸಿಂಗರೇಣಿ ತನ್ನ ಅಡ್ರಿಯಾಲ ಗಣಿಯಲ್ಲಿ ಲಾಂಗ್‌ವಾಲ್ ನಡೆಸಿದೆ. ದೇಶದ ಭೂಗತ ಕಲ್ಲಿದ್ದಲು ಉತ್ಪಾದನೆಯನ್ನು 2030ರ ಹೊತ್ತಿಗೆ 10 ಕೋಟಿ ಟನ್ನಿಗೆ ಏರಿಸುವುದು ಕೇಂದ್ರದ ಗುರಿ. ತೆರೆದ ಗಣಿಗಿಂತ ಭೂಗತ ಗಣಿ ಕಾಡಿಗೂ ಊರಿಗೂ ಸೌಮ್ಯ ಎಂಬುದು ಅದರ ಪರವಾದ ಮುಖ್ಯ ವಾದ. ಊರು ಎಬ್ಬಿಸಬೇಕಿಲ್ಲ, ಮರ ಕಡಿಯಬೇಕಿಲ್ಲ. ಅದರಲ್ಲಿ ಸತ್ಯವಿದೆ. ಆದರೆ ಮೇಲೆ ಮರ ನಿಂತಿದ್ದ ಮಾತ್ರಕ್ಕೆ ಅದರ ಬುಡದ ಒರತೆ ಉಳಿದಿದೆ ಎಂದೇನೂ ಅಲ್ಲ.

ನಮ್ಮ ಕಲ್ಲಿದ್ದಲು ಗಣಿ ನಿಯಮಾವಳಿಯಲ್ಲಿ ನದಿ, ಕಾಲುವೆ, ಕೆರೆಗಳ ನೇರ ಕೆಳಗೆ ಮತ್ತು ಅವುಗಳ ದಡದಿಂದ 15 ಮೀಟರ್ ಒಳಗೆ ಪೂರ್ವಾನುಮತಿ ಇಲ್ಲದೆ ಗಣಿ ತೋಡಬಾರದೆಂಬ ನಿಯಮ ಬಹಳ ಕಾಲದಿಂದ ಇದೆ. ಅನುಮತಿ ಕೊಡುವುದು ಧನಬಾದಿನ ಗಣಿ ಸುರಕ್ಷತಾ ಮಹಾನಿರ್ದೇಶನಾಲಯ. ನೀರು ಗಣಿಗೆ ನುಗ್ಗಿ ಜನ ಸಾಯಬಾರದೆಂಬ ಕಾಳಜಿಯಿಂದ ಹುಟ್ಟಿದ ನಿಯಮ ಅದು. ಧನಬಾದ್ ಬಳಿಯ ಚಾಸ್ನಾಲಾದಲ್ಲಿ 1975ರ ಡಿಸೆಂಬರ್ 27ರಂದು ನೀರು ನುಗ್ಗಿ 375 ಮಂದಿ ಸತ್ತ ದೇಶದಲ್ಲಿ ಆ ಕಾಳಜಿ ಎಷ್ಟಿದ್ದರೂ ಕಡಿಮೆಯೇ. ಆದರೆ ಆ ನಿಯಮದ ಕಣ್ಣಲ್ಲಿ ಹಳ್ಳ ಒಂದು ಅಪಾಯ. ಕಾಯಬೇಕಾದ ವಸ್ತುವಾಗಿ ಅದು ಅಲ್ಲಿ ಬರುವುದಿಲ್ಲ.

ಸಿಂಗರೇಣಿಯಿರಲಿ, ಜಾರ್ಖಂಡಿರಲಿ, ಹೊಸ ಭೂಗತ ಗಣಿಗೆ ಪರಿಸರ ಅನುಮತಿ ಕೊಡುವ ಮೊದಲು ಕೇಳಬೇಕಾದ ಕಾಗದಗಳು ಹೆಚ್ಚಿಲ್ಲ. ಗಣಿ ಹಾದುಹೋಗುವ ಪ್ರತಿ ಹಳ್ಳದ ಬೇಸಿಗೆ ಮತ್ತು ಮಳೆಗಾಲದ ಹರಿವಿನ ದಾಖಲೆ, ಕನಿಷ್ಠ ಎರಡು ವರ್ಷದ್ದು. ತಳದ ಕಲ್ಲುಗಳಡಿಯ ಜೀವಿಗಳ ಪಟ್ಟಿ, ಕಂಪನಿಯ ಸಂಬಳದಲ್ಲಿಲ್ಲದವರು ಮಾಡಿದ್ದು. ಬಾವಿ ಬತ್ತಿದರೆ ಸಾಬೀತು ಮಾಡುವ ಹೊರೆ ಗಣಿಯದೆಂಬ ಷರತ್ತು. ಚೇತರಿಸದ ಹಳ್ಳ ಯಾವುದೆಂದು ಊರವರ ಭಾಷೆಯಲ್ಲಿ ಹೇಳುವ ಐದು ವರ್ಷದ ವರದಿ, ಗ್ರಾಮ ಪಂಚಾಯಿತಿಯ ಕಚೇರಿಯಲ್ಲಿ ಓದಲು ಸಿಗುವಂಥದ್ದು. ಇವಿಲ್ಲದ ಅರ್ಜಿಯನ್ನು ತಜ್ಞರ ಸಮಿತಿ ಮೇಜಿನಿಂದಲೇ ವಾಪಸು ಕಳಿಸಲಿ.